ಬೇಲಿಯೂ ಬೇಕು, ಬೇಲಿ ಹೊಲ ಮೇಯಲೂಬಾರದು

ಇತಿಹಾಸದ ಪಾಠ ಓದುವ ಮಕ್ಕಳು ಒಮ್ಮೊಮ್ಮೆ ದೊಡ್ಡವರನ್ನು ತಬ್ಬಿಬ್ಬು ಮಾಡುವಂಥ ಪ್ರಶ್ನೆ ಕೇಳುತ್ತಾರೆ. ಅಂಥದೊಂದು ಪ್ರಶ್ನೆ ಇದು: ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1776ರ ಜುಲೈ 4ರಂದು. ಜಾರ್ಜ್ ವಾಷಿಂಗ್ಟನ್ ಆ ದೇಶದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು 1789ರ ಏಪ್ರಿಲ್ 30ರಂದು. ಹಾಗಾದರೆ ನಡುವಿನ ಹದಿಮೂರು ವರ್ಷ ಆ ದೇಶವನ್ನು ಆಳಿದವರು ಯಾರು?

ಪಾಠದಲ್ಲಿ ಈ ಹದಿಮೂರು ವರ್ಷಗಳು ಸಾಮಾನ್ಯವಾಗಿ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತವೆ. ಯುದ್ಧವಾಯಿತು, ಗೆದ್ದರು, ಸಂವಿಧಾನ ಬರೆದರು, ಅಷ್ಟೆ. ಆದರೆ ಆ ಅವಧಿಯಲ್ಲಿ ನಡೆದ ಒಂದು ದೊಡ್ಡ ವಾಗ್ವಾದ ಇಂದಿಗೂ ಹಳತಾಗಿಲ್ಲ. ಸರ್ಕಾರಕ್ಕೆ ಎಷ್ಟು ಅಧಿಕಾರ ಕೊಟ್ಟರೆ ಅದು ಕೆಲಸ ಮಾಡೀತು, ಎಷ್ಟು ಕೊಟ್ಟರೆ ಕೊಟ್ಟವರನ್ನೇ ನುಂಗೀತು ಎಂಬುದೇ ಆ ವಾದದ ತಿರುಳು. ಹೊಲಕ್ಕೆ ಬೇಲಿ ಬೇಕೇ ಬೇಕು ಎಂದಿತು ಒಂದು ಪಕ್ಷ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರುವುದು ಯಾರಿಗೆ ಎಂದಿತು ಇನ್ನೊಂದು ಪಕ್ಷ. ಎರಡೂ ಕಡೆ ದೇಶಭಕ್ತರಿದ್ದರು, ವಿದ್ಯಾವಂತರಿದ್ದರು, ಸ್ವಾತಂತ್ರ್ಯಕ್ಕಾಗಿ ಕಷ್ಟಪಟ್ಟವರಿದ್ದರು. ಯಾರು ಗೆದ್ದರು ಎಂಬುದು ಎಲ್ಲರಿಗೂ ಗೊತ್ತು. ಸೋತವರು ಏನನ್ನು ಗಳಿಸಿಕೊಟ್ಟರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಹದಿಮೂರು ಮನೆ, ಒಂದು ಅಂಗಳ

ಬ್ರಿಟಿಷರ ವಿರುದ್ಧ ಒಟ್ಟಾಗಿ ಯುದ್ಧಕ್ಕಿಳಿದ ಹದಿಮೂರು ವಸಾಹತುಗಳ ನಡುವಿನ ನಂಟು ಬಹಳ ಸಡಿಲವಾಗಿತ್ತು. ವರ್ಜೀನಿಯಾದ ಸಾಮಾನ್ಯ ರೈತನಿಗೆ ‘ನನ್ನ ದೇಶ’ ಎಂದರೆ ವರ್ಜೀನಿಯಾವೇ. ದೂರದಲ್ಲಿ ಕುಳಿತ ದೊರೆಯೂ ಪಾರ್ಲಿಮೆಂಟೂ ತಮ್ಮನ್ನು ಕೇಳದೆ ತೆರಿಗೆ ಹಾಕಿದರೆಂಬ ಸಿಟ್ಟಿನಿಂದಲೇ ಈ ಜನ ಬಂದೂಕು ಹಿಡಿದಿದ್ದರು. ಆ ದೊರೆಯನ್ನು ಓಡಿಸಿ, ದೂರದಲ್ಲಿ ಕೂರುವ ಇನ್ನೊಂದು ಸರ್ಕಾರವನ್ನು ತಾವೇ ತಂದುಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

ಹಾಗಾಗಿ 1777ರಲ್ಲಿ ಸಿದ್ಧವಾಗಿ 1781ರ ಮಾರ್ಚ್ 1ರಂದು ಜಾರಿಗೆ ಬಂದ ಮೊದಲ ಒಪ್ಪಂದ, ಹದಿಮೂರು ಸ್ವತಂತ್ರ ರಾಜ್ಯಗಳ ಸ್ನೇಹಕೂಟದಂತಿತ್ತು. ಇದಕ್ಕೆ ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್’ ಎಂದು ಹೆಸರು. ಇದರಡಿ ‘ಕಾಂಗ್ರೆಸ್’ ಎಂಬ ಒಂದು ಸಭೆ ಇತ್ತು. ನಮ್ಮ ಕಾಂಗ್ರೆಸ್ ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ರಾಜ್ಯಗಳು ಕಳಿಸಿದ ಪ್ರತಿನಿಧಿಗಳ ಸಭೆ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ಒಂದೇ ವೋಟು. ಮುಖ್ಯ ತೀರ್ಮಾನಗಳಿಗೆ ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕು. ಒಪ್ಪಂದದ ಒಂದಕ್ಷರ ತಿದ್ದಬೇಕಾದರೂ ಹದಿಮೂರೂ ರಾಜ್ಯಗಳು ತಲೆಯಾಡಿಸಬೇಕು. ದೇಶಕ್ಕೆ ಅಧ್ಯಕ್ಷರಿರಲಿಲ್ಲ, ರಾಷ್ಟ್ರಮಟ್ಟದ ನ್ಯಾಯಾಂಗವಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಹಣ ಬೇಕಾದರೆ ರಾಜ್ಯಗಳನ್ನು ಕೇಳಬೇಕು. ರಾಜ್ಯಗಳು ಮನಸ್ಸು ಬಂದರೆ ಕೊಡುತ್ತಿದ್ದವು, ಇಲ್ಲದಿದ್ದರೆ ಇಲ್ಲ.

ಯುದ್ಧಕ್ಕಾಗಿ ಫ್ರಾನ್ಸ್, ಹಾಲೆಂಡ್‌ಗಳಿಂದ ತಂದ ಸಾಲವಿತ್ತು. ಸೈನಿಕರ ಸಂಬಳ ಬಾಕಿಯಿತ್ತು. ಕಾಂಗ್ರೆಸ್ ಅಚ್ಚು ಹಾಕಿಸಿದ ಕಾಗದದ ಹಣ ಎಷ್ಟು ಬೆಲೆ ಕಳೆದುಕೊಂಡಿತೆಂದರೆ, ಯಾವುದಕ್ಕೂ ಬಾರದ ವಸ್ತುವನ್ನು ಆ ನೋಟಿಗೆ ಹೋಲಿಸುವುದು ಜನರ ಮಾತಿನಲ್ಲಿ ಗಾದೆಯೇ ಆಯಿತು. ಸಾಲ ತೀರಿಸಲು ಆಮದು ಸರಕಿನ ಮೇಲೆ ಶೇಕಡ 5ರಷ್ಟು ಸುಂಕ ಹಾಕಲು ಅನುಮತಿ ಕೊಡಿ ಎಂದು ಕಾಂಗ್ರೆಸ್ 1781ರಲ್ಲಿ ಕೇಳಿಕೊಂಡಿತು. ಹದಿಮೂರರಲ್ಲಿ ಅತಿ ಚಿಕ್ಕದಾದ ರೋಡ್ ಐಲೆಂಡ್ ಒಲ್ಲೆನೆಂದಿತು. ಯೋಜನೆ ಮೂಲೆ ಸೇರಿತು. 1783ರಲ್ಲಿ ಮತ್ತೆ ಕೇಳಿದಾಗ ಅಡ್ಡ ನಿಂತದ್ದು ನ್ಯೂಯಾರ್ಕ್.

1783ರ ಜೂನ್‌ನಲ್ಲಂತೂ ಮಾನ ಹೋಗುವ ಪ್ರಸಂಗವೇ ನಡೆಯಿತು. ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರಿದ್ದ ಕಟ್ಟಡವನ್ನೇ ಮುತ್ತಿದರು. ಕಾಪಾಡಲು ಕಾಂಗ್ರೆಸ್ಸಿನ ಬಳಿ ಪಡೆಯಿರಲಿಲ್ಲ. ಪೆನ್ಸಿಲ್ವೇನಿಯಾ ರಾಜ್ಯ ತನ್ನ ಪಡೆಯನ್ನು ಕಳಿಸಲು ಹಿಂಜರಿಯಿತು. ಸ್ವಾತಂತ್ರ್ಯ ಘೋಷಣೆ ಹೊರಬಿದ್ದ ಆ ಕಟ್ಟಡವನ್ನು ಬಿಟ್ಟು ಕಾಂಗ್ರೆಸ್ ಸದಸ್ಯರು ನೆರೆಯ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಊರಿಗೆ ಹೋಗಿ ಸಭೆ ಸೇರಬೇಕಾಯಿತು. ಇದಾದ ಕೆಲವೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಸಹಿಯಾದ ಒಪ್ಪಂದ, ಇದೇ ದೇಶ ಜಗತ್ತಿನ ದೊಡ್ಡ ಸಾಮ್ರಾಜ್ಯವೊಂದನ್ನು ಸೋಲಿಸಿದೆಯೆಂದು ಸಾರಿತು!

ಗೆದ್ದ ಮೇಲೂ ನೆಮ್ಮದಿಯಿರಲಿಲ್ಲ. ಬಿಟ್ಟುಹೋಗುತ್ತೇವೆಂದು ಮಾತು ಕೊಟ್ಟಿದ್ದ ಗಡಿಯ ಕೋಟೆಗಳಿಂದ ಬ್ರಿಟಿಷರು ಕದಲಲಿಲ್ಲ. 1784ರಲ್ಲಿ ಸ್ಪೇನ್ ದೇಶ ಮಿಸಿಸಿಪ್ಪಿ ನದಿಯ ಕೆಳದಾರಿಯನ್ನು ಅಮೆರಿಕದ ದೋಣಿಗಳಿಗೆ ಮುಚ್ಚಿತು. ನೆರೆ ರಾಜ್ಯದಿಂದ ಬರುವ ಸರಕಿನ ಮೇಲೂ ಕೆಲವು ರಾಜ್ಯಗಳು ಸುಂಕ ವಸೂಲಿ ಮಾಡಿದವು. ಮನೆಗಳು ಹದಿಮೂರು, ಅಂಗಳ ಒಂದು. ಗುಡಿಸುವವರು ಮಾತ್ರ ಯಾರೂ ಇಲ್ಲ.

ಕೋರ್ಟಿನ ಬಾಗಿಲಿಗೆ ರೈತರು

ಈ ಸ್ಥಿತಿಯಲ್ಲಿ ಕಿಡಿ ಹತ್ತಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಹಳ್ಳಿಗಳಲ್ಲಿ. ಯುದ್ಧದ ಸಾಲ ತೀರಿಸಲು ಆ ರಾಜ್ಯ ಭಾರಿ ತೆರಿಗೆ ಹಾಕಿತು. ಕಟ್ಟಬೇಕಾದದ್ದು ನಾಣ್ಯದಲ್ಲಿ, ರೈತರ ಕೈಯಲ್ಲಿ ನಾಣ್ಯವೇ ಓಡಾಡುತ್ತಿರಲಿಲ್ಲ. ತೆರಿಗೆ, ಸಾಲ ಕಟ್ಟಲಾಗದವರ ಜಮೀನು, ದನಕರು ಜಪ್ತಿಯಾದವು. ಕೆಲವರು ಜೈಲಿಗೂ ಹೋದರು. ಇವರಲ್ಲಿ ಹಲವರು ಯುದ್ಧದಲ್ಲಿ ಹೋರಾಡಿ, ಸಂಬಳ ಪೂರಾ ಸಿಗದೆ ಊರಿಗೆ ಮರಳಿದವರು. ದೇಶ ತಮಗೆ ಕೊಡಬೇಕಾದದ್ದನ್ನು ಕೊಡಲಿಲ್ಲ, ತಾವು ಕೊಡಬೇಕಾದದ್ದಕ್ಕೆ ಮಾತ್ರ ಮನೆ ಬಾಗಿಲಿಗೆ ಅಮೀನ ಬಂದ. ಅವರ ಸಂಕಟ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

1786ರ ಆಗಸ್ಟ್‌ನಿಂದ ರೈತರು ಗುಂಪುಗೂಡಿ ಕೋರ್ಟುಗಳು ನಡೆಯದಂತೆ ತಡೆದರು. ಕೋರ್ಟು ಕೂರದಿದ್ದರೆ ಜಪ್ತಿಯ ಆಜ್ಞೆ ಹೊರಡದು ಎಂಬುದು ಅವರ ಲೆಕ್ಕ. ಈ ದಂಗೆಯ ಜೊತೆ ಹೆಸರು ಸೇರಿಹೋದವನು ಡೇನಿಯಲ್ ಶೇಸ್, ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದ ರೈತ. 1787ರ ಜನವರಿ 25ರಂದು ಅವನ ಕಡೆಯವರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದತ್ತ ನಡೆದಾಗ ಫಿರಂಗಿ ಹಾರಿತು. ನಾಲ್ವರು ಸತ್ತರು, ಉಳಿದವರು ಚದುರಿದರು. ದಂಗೆಯನ್ನು ಅಡಗಿಸಲು ಹೊರಟ ಪಡೆಯ ಖರ್ಚಿಗೆ ಕಾಂಗ್ರೆಸ್ಸಿನ ಬಳಿಯೂ ಹಣವಿರಲಿಲ್ಲ, ರಾಜ್ಯದ ಬೊಕ್ಕಸದಲ್ಲೂ ಇರಲಿಲ್ಲ. ಬಾಸ್ಟನ್ನಿನ ಶ್ರೀಮಂತ ವ್ಯಾಪಾರಿಗಳು ತಮ್ಮ ಜೇಬಿನಿಂದ ಹಣ ಹಾಕಬೇಕಾಯಿತು.

ಒಂದೇ ಘಟನೆ, ನೋಡಿದವರ ಕಣ್ಣು ಬೇರೆ ಬೇರೆ. ಮೌಂಟ್ ವರ್ನನ್‌ನ ತಮ್ಮ ತೋಟದಲ್ಲಿ ನಿವೃತ್ತರಾಗಿದ್ದ ವಾಷಿಂಗ್ಟನ್‌ಗೆ ಇದು ದೇಶ ಕುಸಿಯುವ ಲಕ್ಷಣವಾಗಿ ಕಂಡಿತು. ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್‌ಗೆ, ಆಗೊಮ್ಮೆ ಈಗೊಮ್ಮೆ ಸಣ್ಣ ದಂಗೆಯಾಗುವುದು ಆಳುವವರ ಆರೋಗ್ಯಕ್ಕೆ ಒಳ್ಳೆಯದೇ ಎನ್ನಿಸಿತು. ಮುಂದಿನ ಎರಡು ವರ್ಷದ ವಾಗ್ವಾದದ ಬೀಜ ಈ ಎರಡು ನೋಟಗಳಲ್ಲೇ ಇದೆ.

ಮುಚ್ಚಿದ ಕಿಟಕಿಗಳ ಹಿಂದೆ

1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ, ಅದೇ ಹಳೆಯ ಕಟ್ಟಡದಲ್ಲಿ, ಹನ್ನೆರಡು ರಾಜ್ಯಗಳ 55 ಪ್ರತಿನಿಧಿಗಳು ಸೇರಿದರು. ರೋಡ್ ಐಲೆಂಡ್ ಯಾರನ್ನೂ ಕಳಿಸಲಿಲ್ಲ. ವರ್ಜೀನಿಯಾದ ಪ್ರಚಂಡ ವಾಗ್ಮಿ ಪ್ಯಾಟ್ರಿಕ್ ಹೆನ್ರಿಯನ್ನು ಆರಿಸಿದ್ದರೂ ಅವರು ಹೋಗಲು ಒಪ್ಪಲಿಲ್ಲ. ಹಳೆಯ ಒಪ್ಪಂದವನ್ನು ತಿದ್ದುವುದು ಸಭೆಗೆ ವಹಿಸಿದ ಕೆಲಸ. ಸಭೆ ಮಾಡಿದ್ದು ಮಾತ್ರ ಹೊಸ ಸಂವಿಧಾನವನ್ನೇ ಬರೆಯುವ ಕೆಲಸ. ಒಳಗಿನ ಮಾತು ಹೊರಗೆ ಹೋಗಬಾರದೆಂದು ನಿಯಮ ಮಾಡಿಕೊಂಡು, ಬೇಸಿಗೆಯ ಸೆಕೆಯಲ್ಲೂ ಕಿಟಕಿ ಮುಚ್ಚಿ ಚರ್ಚಿಸಿದರು. ಅಧ್ಯಕ್ಷ ಪೀಠದಲ್ಲಿ ವಾಷಿಂಗ್ಟನ್ ಇದ್ದರು.

ಎಲ್ಲರಿಗಿಂತ ಹೆಚ್ಚು ಓದಿಕೊಂಡು ಬಂದಿದ್ದವರು 36 ವರ್ಷದ ಜೇಮ್ಸ್ ಮ್ಯಾಡಿಸನ್. ಕುಳ್ಳಗಿನ, ಮೆಲುದನಿಯ ಮನುಷ್ಯ. ಜೆಫರ್ಸನ್ ಪ್ಯಾರಿಸ್‌ನಿಂದ ಪೆಟ್ಟಿಗೆಗಟ್ಟಲೆ ಕಳಿಸಿದ್ದ ಪುಸ್ತಕಗಳನ್ನು ಓದಿ, ಪ್ರಾಚೀನ ಗ್ರೀಸಿನಿಂದ ಹಿಡಿದು ಹಾಲೆಂಡಿನವರೆಗಿನ ಒಕ್ಕೂಟಗಳು ಏಕೆ ಬಿದ್ದವು, ಏಕೆ ಬಳಲಿದವು ಎಂದು ಟಿಪ್ಪಣಿ ಮಾಡಿಕೊಂಡಿದ್ದರು. ಸಭೆಯ ಕಲಾಪವನ್ನೂ ದಿನದಿನವೂ ಬರೆದಿಟ್ಟರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1840ರಲ್ಲಿ.

ಜನಸಂಖ್ಯೆಗೆ ತಕ್ಕಂತೆ ಪ್ರಾತಿನಿಧ್ಯ ಬೇಕೆಂದು ದೊಡ್ಡ ರಾಜ್ಯಗಳು, ಎಲ್ಲರಿಗೂ ಸಮಪಾಲು ಬೇಕೆಂದು ಚಿಕ್ಕ ರಾಜ್ಯಗಳು ವಾರಗಟ್ಟಲೆ ಜಗ್ಗಾಡಿದವು. ಜುಲೈ 16ರಂದು ರಾಜಿಯಾಯಿತು: ಕೆಳಮನೆಯಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನ, ಮೇಲ್ಮನೆಯಾದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಸಮಪಾಲು. ಹೊಸ ಸರ್ಕಾರಕ್ಕೆ ತೆರಿಗೆ ಹಾಕುವ, ಸೇನೆ ಕಟ್ಟುವ, ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಸಿಕ್ಕಿತು. ಒಬ್ಬ ಅಧ್ಯಕ್ಷ, ಒಂದು ಸುಪ್ರೀಂ ಕೋರ್ಟ್ ಬಂದವು.

ಕೊನೆಯ ದಿನ 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಬರೆದುಕೊಟ್ಟ ಮಾತನ್ನು ಇನ್ನೊಬ್ಬರು ಓದಿದರು. ಈ ಸಂವಿಧಾನದಲ್ಲಿ ತನಗೆ ಒಪ್ಪಿಗೆಯಾಗದ ಭಾಗಗಳಿವೆ. ಆದರೆ ವಯಸ್ಸಾದಂತೆಲ್ಲ ತನ್ನ ತೀರ್ಮಾನವನ್ನೇ ಅನುಮಾನಿಸುವುದನ್ನೂ ಇತರರ ತೀರ್ಮಾನವನ್ನು ಗೌರವಿಸುವುದನ್ನೂ ಕಲಿತಿದ್ದೇನೆ ಎಂಬುದು ಅದರ ಸಾರ. 39 ಮಂದಿ ಸಹಿ ಹಾಕಿದರು. ಅಲ್ಲೇ ಇದ್ದೂ ಸಹಿ ಹಾಕದವರು ಮೂವರು. ಅವರಲ್ಲಿ ವರ್ಜೀನಿಯಾದ ಜಾರ್ಜ್ ಮೇಸನ್ ಅವರ ಮುಖ್ಯ ತಕರಾರು ಇದು: ಇಷ್ಟೊಂದು ಅಧಿಕಾರ ಕೊಡುವ ಈ ಕಾಗದದಲ್ಲಿ ಪ್ರಜೆಯ ಹಕ್ಕುಗಳ ಪಟ್ಟಿ ಎಲ್ಲಿದೆ?

ಮುಖವಾಡ ತೊಟ್ಟ ಲೇಖಕರು

ಸಂವಿಧಾನ ಜಾರಿಯಾಗಲು ಹದಿಮೂರರಲ್ಲಿ ಒಂಬತ್ತು ರಾಜ್ಯಗಳು ಒಪ್ಪಬೇಕಿತ್ತು. ಒಪ್ಪಿಗೆ ಕೊಡಬೇಕಾದವರು ಇದಕ್ಕೆಂದೇ ಜನ ಆರಿಸಿ ಕಳಿಸುವ ಸಭೆಗಳು. ಹಾಗಾಗಿ ಫಿಲಡೆಲ್ಫಿಯಾದ ಮುಚ್ಚಿದ ಕೋಣೆಯಿಂದ ವಾದ ಹೊರಬಿತ್ತು. ಹೋಟೆಲು, ಚರ್ಚು, ಸಂತೆ, ಪತ್ರಿಕೆ ಎಲ್ಲೆಲ್ಲೂ ಅದೇ ಮಾತು. ಸಂವಿಧಾನದ ಪರವಾದವರು ‘ಫೆಡರಲಿಸ್ಟ್’ ಎಂದು ಕರೆದುಕೊಂಡರು. ವಿರೋಧಿಗಳಿಗೆ ‘ಆ್ಯಂಟಿ ಫೆಡರಲಿಸ್ಟ್’ ಎಂಬ ಹೆಸರು ಅಂಟಿತು. ಈ ಹೆಸರು ಆ ಗುಂಪಿಗೆ ಹಿಡಿಸಲಿಲ್ಲ. ರಾಜ್ಯಗಳ ಒಕ್ಕೂಟ ಉಳಿಯಬೇಕೆನ್ನುವ ನಾವೇ ನಿಜವಾದ ಫೆಡರಲಿಸ್ಟರು ಎಂಬುದು ಅವರ ವಾದ.

ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ನಡೆದ ಲೇಖನ ಸಮರ ಅತ್ಯಂತ ಪ್ರಸಿದ್ಧ. ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್, ಜಾನ್ ಜೇ ಮೂವರೂ ‘ಪಬ್ಲಿಯಸ್’ ಎಂಬ ಒಂದೇ ಗುಪ್ತನಾಮದಲ್ಲಿ, 1787ರ ಅಕ್ಟೋಬರ್‌ನಿಂದ ಮೊದಲ್ಗೊಂಡು 85 ಲೇಖನ ಬರೆದರು. ಎದುರಾಳಿಗಳು ‘ಬ್ರೂಟಸ್’, ‘ಕೇಟೋ’ ಮುಂತಾದ ಹೆಸರು ಇಟ್ಟುಕೊಂಡರು. ಪಬ್ಲಿಯಸ್ ರೋಮಿನ ಗಣರಾಜ್ಯವನ್ನು ಕಟ್ಟಿದವರಲ್ಲಿ ಒಬ್ಬ. ಬ್ರೂಟಸ್ ಸರ್ವಾಧಿಕಾರಿ ಸೀಸರನನ್ನು ಇರಿದವನು. ಹೆಸರಿನಲ್ಲೇ ಒಬ್ಬರದು ಕಟ್ಟುವ ಚಿಂತೆ, ಇನ್ನೊಬ್ಬರದು ತಡೆಯುವ ಚಿಂತೆ.

ಬ್ರೂಟಸ್ ಎತ್ತಿದ ಪ್ರಶ್ನೆ ಹಗುರವಾದದ್ದಲ್ಲ. ಇಷ್ಟು ವಿಶಾಲವಾದ ದೇಶದಲ್ಲಿ ಪ್ರಜಾಪ್ರಭುತ್ವ ನಡೆದೀತೇ? ಆಳುವವರಿಗೂ ಆಳಿಸಿಕೊಳ್ಳುವವರಿಗೂ ಮುಖಪರಿಚಯವೇ ಇಲ್ಲದಿದ್ದರೆ ನಂಬಿಕೆ ಎಲ್ಲಿಂದ ಬರಬೇಕು? ತೆರಿಗೆ ಮತ್ತು ಸೇನೆ ಎರಡೂ ಕೇಂದ್ರದ ಕೈ ಸೇರಿದ ಮೇಲೆ ರಾಜ್ಯಗಳಿಗೆ ಉಳಿಯುವುದೇನು? ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಸಂವಿಧಾನಕ್ಕೆ ತಮಗೆ ತೋಚಿದ ಅರ್ಥ ಹಚ್ಚಿದರೆ ಅವರನ್ನು ತಿದ್ದುವವರು ಯಾರು?

ಮ್ಯಾಡಿಸನ್ 1787ರ ನವೆಂಬರ್‌ನಲ್ಲಿ ಬಂದ ಹತ್ತನೆಯ ಲೇಖನದಲ್ಲಿ ಮೊದಲ ಪ್ರಶ್ನೆಯನ್ನೇ ತಿರುಗಿಸಿ ನಿಲ್ಲಿಸಿದರು. ಚಿಕ್ಕ ಊರಿನಲ್ಲಿ ಒಂದು ಗುಂಪು ಬಹುಮತ ಗಳಿಸಿ ಉಳಿದವರನ್ನು ತುಳಿಯುವುದು ಸುಲಭ. ದೇಶ ದೊಡ್ಡದಾದಷ್ಟೂ ಗುಂಪುಗಳು, ಹಿತಾಸಕ್ತಿಗಳು ಹೆಚ್ಚುತ್ತವೆ. ಯಾವ ಒಂದು ಗುಂಪಿಗೂ ಎಲ್ಲರ ಮೇಲೆ ಸವಾರಿ ಮಾಡಲಾಗದು. ಹಾಗಾಗಿ ವಿಸ್ತಾರವೇ ಸ್ವಾತಂತ್ರ್ಯಕ್ಕೆ ರಕ್ಷೆ ಎಂದು ವಾದಿಸಿದರು. ಮುಂದೆ 51ನೆಯ ಲೇಖನದಲ್ಲಿ, ಆಳುವವರು ದೇವತೆಗಳಲ್ಲವಾದ್ದರಿಂದ ಅಧಿಕಾರವನ್ನು ಹಂಚಿ, ಒಂದು ಅಂಗ ಇನ್ನೊಂದನ್ನು ಕಾಯುವಂತೆ ಮಾಡಬೇಕೆಂದು ವಿವರಿಸಿದರು. ಹಕ್ಕುಗಳ ಪಟ್ಟಿ ಬೇಡವೆಂದು ಹ್ಯಾಮಿಲ್ಟನ್ ಕೊಟ್ಟ ಕಾರಣವೂ ಕುತೂಹಲದ್ದೇ. ಪತ್ರಿಕೆಗಳನ್ನು ಹತ್ತಿಕ್ಕುವ ಅಧಿಕಾರವನ್ನೇ ಸರ್ಕಾರಕ್ಕೆ ಕೊಟ್ಟಿಲ್ಲ. ಕೊಡದ ಅಧಿಕಾರವನ್ನು ಬಳಸಬೇಡ ಎಂದು ಬರೆಯುವುದೇಕೆ ಎಂದು ಅವರು ಕೇಳಿದರು.

ವಾದ ಎಲ್ಲೆಡೆ ಇಷ್ಟು ಸಭ್ಯವಾಗಿರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅವಸರದಿಂದ ಸಭೆ ಕರೆಯುವುದನ್ನು ತಡೆಯಲು ವಿರೋಧಿ ಶಾಸಕರು ಗೈರುಹಾಜರಾಗಿ ಕೋರಂ ಮುರಿದರು. ಜನರ ಗುಂಪು ಅವರಲ್ಲಿ ಇಬ್ಬರನ್ನು ಬಿಡಾರದಿಂದ ಎಳೆದುತಂದು ಕೂರಿಸಿ ಲೆಕ್ಕ ಭರ್ತಿ ಮಾಡಿತು!

ಇಬ್ಬರು ರೈತರ ಮಾತು

ಈ ವಾದ ಪಂಡಿತರದ್ದಷ್ಟೇ ಆಗಿರಲಿಲ್ಲ ಎಂಬುದಕ್ಕೆ 1788ರ ಜನವರಿ 25ರಂದು ಬಾಸ್ಟನ್ನಿನಲ್ಲಿ ನಡೆದ ಚರ್ಚೆ ಸಾಕ್ಷಿ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಫಿರಂಗಿ ಹಾರಿ ಅಂದಿಗೆ ಸರಿಯಾಗಿ ಒಂದು ವರ್ಷ. ಮ್ಯಾಸಚೂಸೆಟ್ಸ್‌ನ ಸಭೆಯಲ್ಲಿ ಹಳ್ಳಿಯಿಂದ ಬಂದ ವೃದ್ಧ ಪ್ರತಿನಿಧಿ ಏಮಸ್ ಸಿಂಗಲ್‌ಟರಿ ಎದ್ದು ನಿಂತರು. ಶಾಲೆಯ ಮೆಟ್ಟಿಲು ಹತ್ತದವರು. ನಮ್ಮನ್ನು ಕೇಳದೆ ತೆರಿಗೆ ಹಾಕುವ ಹಕ್ಕು ತನಗಿದೆ ಎಂದದ್ದಕ್ಕಲ್ಲವೇ ಬ್ರಿಟನ್ನಿನೊಡನೆ ಜಗಳವಾಡಿದ್ದು, ಈಗ ಈ ಸಂವಿಧಾನ ಕೇಳುತ್ತಿರುವುದೂ ಅದನ್ನೇ ಅಲ್ಲವೇ ಎಂದು ಅವರು ಕೇಳಿದರು. ವಕೀಲರು, ವಿದ್ವಾಂಸರು, ಹಣವಂತರು ಇಷ್ಟು ನಯವಾಗಿ ಮಾತಾಡಿ ನಮ್ಮಂಥ ಓದುಬರಹವಿಲ್ಲದವರಿಗೆ ಮಾತ್ರೆ ನುಂಗಿಸುತ್ತಿದ್ದಾರೆ. ನಾಳೆ ಅವರೇ ಕಾಂಗ್ರೆಸ್ಸಿಗೆ ಹೋಗಿ ಅಧಿಕಾರ, ಹಣ ಎರಡನ್ನೂ ಕೈಗೆ ತೆಗೆದುಕೊಳ್ಳುತ್ತಾರೆ. ಆಮೇಲೆ ನಮ್ಮಂಥ ಸಣ್ಣವರನ್ನು ತಿಮಿಂಗಿಲದಂತೆ ನುಂಗಿಬಿಡುತ್ತಾರೆ ಎಂದರು.

ಉತ್ತರ ಕೊಡಲು ಎದ್ದವರು ವಕೀಲರಲ್ಲ; ಶೇಸ್ ದಂಗೆಯನ್ನು ಹತ್ತಿರದಿಂದ ಕಂಡಿದ್ದ ಪಶ್ಚಿಮದ ಹಳ್ಳಿಯ ಜೊನಾಥನ್ ಸ್ಮಿತ್. ನಾನೂ ನೇಗಿಲು ಹಿಡಿದು ಬದುಕುವವನೇ ಎಂದು ಅವರು ಮಾತು ಶುರುಮಾಡಿದರು. ಒಳ್ಳೆಯ ಸರ್ಕಾರದ ಬೆಲೆ ನನಗೆ ತಿಳಿದದ್ದು ಅದು ಇಲ್ಲದಿದ್ದಾಗ. ಕಳೆದ ಚಳಿಗಾಲದಲ್ಲಿ ನೆರೆಹೊರೆಯವರೇ ಎದೆಗೆ ಬಂದೂಕು ಗುರಿಯಿಟ್ಟರು, ಮನೆ ಸುಡುತ್ತೇವೆಂದರು, ಹಗಲಿರುಳು ಕಾವಲು ಕಾಯುವಂತಾಯಿತು. ಆ ಸಂಕಟದಲ್ಲಿ ಯಾವನಾದರೂ ಸರ್ವಾಧಿಕಾರಿ ಬಂದು ಕಾಪಾಡುತ್ತೇನೆಂದಿದ್ದರೂ ಅವನ ಬೆನ್ನಿಗೆ ಬೀಳುತ್ತಿದ್ದೆವು ಎಂದರು. ಈ ಸಂವಿಧಾನದ ಪ್ರತಿಯನ್ನು ತಾನೇ ಮತ್ತೆ ಮತ್ತೆ ಓದಿ ನೋಡಿದ್ದಾಗಿಯೂ, ಯಾವ ವಕೀಲನನ್ನೂ ಕೇಳಲಿಲ್ಲವೆಂದೂ ಹೇಳಿದರು. ಕೊನೆಗೆ ಹೊಲದ ಮಾತಿಗೇ ಬಂದರು. ನಾಲ್ಕು ಜನ ಸೇರಿ ಕಷ್ಟಪಟ್ಟು ಕಾಡುನೆಲ ಹದಮಾಡಿ ಗೋಧಿ ಬಿತ್ತಿದ ಮೇಲೆ, ಯಾವ ಬಗೆಯ ಬೇಲಿ ಎಂಬ ಜಗಳದಲ್ಲಿ ಬೆಳೆಯನ್ನೇ ಹಾಳುಬಿಡುತ್ತೀರಾ? ಎಲ್ಲರ ಮನಸ್ಸಿಗೂ ಒಪ್ಪದ ಬೇಲಿಯಾದರೂ ಸರಿ, ಹಾಕುವುದು ಮೇಲಲ್ಲವೇ?

ಇಬ್ಬರ ಮಾತೂ ಸುಳ್ಳಲ್ಲ. ಒಬ್ಬರು ಬೇಲಿಗೆ ಹೆದರಿದರು, ಇನ್ನೊಬ್ಬರು ಬೇಲಿಯಿಲ್ಲದ ಹೊಲಕ್ಕೆ ಹೆದರಿದರು. ಇಬ್ಬರ ಹೆದರಿಕೆಯ ಹಿಂದೆಯೂ ಕಂಡುಂಡ ಅನುಭವವಿತ್ತು.

ಬಿಕ್ಕಟ್ಟಿಗೆ ಅಲ್ಲಿ ಒಂದು ದಾರಿ ಹೊಳೆಯಿತು. ಸಂವಿಧಾನವನ್ನು ಒಪ್ಪೋಣ, ಜೊತೆಗೇ ಬೇಕಾದ ತಿದ್ದುಪಡಿಗಳ ಪಟ್ಟಿಯನ್ನು ಕಳಿಸೋಣ ಎಂಬ ಸಲಹೆಯನ್ನು ಸಭಾಧ್ಯಕ್ಷ ಜಾನ್ ಹ್ಯಾನ್‌ಕಾಕ್ ಮುಂದಿಟ್ಟರು. ಫೆಬ್ರವರಿ 6ರಂದು ಮತ ಹಾಕಿದಾಗ ಪರವಾಗಿ 187, ವಿರೋಧವಾಗಿ 168. ಹತ್ತು ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ಬೇರೆ. ಸೋತ ಹಲವರು ಅಲ್ಲೇ ಎದ್ದುನಿಂತು, ನಾವು ನ್ಯಾಯವಾಗಿ ಸೋತಿದ್ದೇವೆ, ಊರಿಗೆ ಹೋಗಿ ಜನರನ್ನು ಒಪ್ಪಿಸುತ್ತೇವೆ ಎಂದರು. ಒಂದು ವರ್ಷದ ಹಿಂದೆ ಬಂದೂಕು ಎತ್ತಿದ್ದ ರಾಜ್ಯ ಅದು ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಜೂನ್ 21ರಂದು ನ್ಯೂಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು, ಸಂವಿಧಾನ ಗೆದ್ದಿತು. ಆದರೆ ವರ್ಜೀನಿಯಾ, ನ್ಯೂಯಾರ್ಕ್‌ಗಳಿಲ್ಲದೆ ಒಕ್ಕೂಟ ನಿಲ್ಲುವಂತಿರಲಿಲ್ಲ. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಪ್ಯಾಟ್ರಿಕ್ ಹೆನ್ರಿ ಗಂಟೆಗಟ್ಟಲೆ ಗುಡುಗಿದರು. ‘ನಾವು, ಜನರು’ ಎಂದು ಈ ಸಂವಿಧಾನ ಆರಂಭವಾಗುವುದೇಕೆ, ‘ನಾವು, ರಾಜ್ಯಗಳು’ ಎಂದು ಏಕಿಲ್ಲ ಎಂದು ಕೇಳಿದರು. ಎದುರಿಗೆ ಮ್ಯಾಡಿಸನ್; ವರದಿಗಾರನಿಗೆ ಕೇಳಿಸದಷ್ಟು ಮೆಲುದನಿ, ಆದರೆ ಅಂಶ ಅಂಶವಾಗಿ ಉತ್ತರ. ಕೊನೆಗೆ ಅಲ್ಲೂ ತಿದ್ದುಪಡಿಗಳ ಭರವಸೆಯೇ ದಾರಿಯಾಯಿತು. ಜೂನ್ 25ರಂದು 89–79. ಜುಲೈ 26ರಂದು ನ್ಯೂಯಾರ್ಕಿನಲ್ಲಿ 30–27. ಹಟ ಹಿಡಿದಿದ್ದ ರೋಡ್ ಐಲೆಂಡ್ ಕೊನೆಯದಾಗಿ 1790ರ ಮೇ 29ರಂದು, 34–32ರಲ್ಲಿ ಒಳಗೆ ಬಂತು.

ಸೋತವರು ಗಳಿಸಿಕೊಟ್ಟದ್ದು

ಇನ್ನು ಭರವಸೆ ಉಳಿಸಿಕೊಳ್ಳುವ ಸರದಿ. ಗೆದ್ದವರಿಗೆ ಇದು ಮರೆತುಬಿಡಬಹುದಾದ ಮಾತಾಗಿತ್ತು. ಹಕ್ಕುಗಳ ಪಟ್ಟಿ ಕಾಗದದ ಗೋಡೆಯಷ್ಟೇ ಎಂದು ಮೊದಲು ಮ್ಯಾಡಿಸನ್‌ಗೂ ಅನ್ನಿಸಿತ್ತು. ಜೆಫರ್ಸನ್ ಪ್ಯಾರಿಸ್‌ನಿಂದ ಪತ್ರದ ಮೇಲೆ ಪತ್ರ ಬರೆದು, ಅದು ನ್ಯಾಯಾಲಯಗಳ ಕೈಗೆ ಸಿಗುವ ಆಯುಧ ಎಂದು ವಾದಿಸಿದರು. 1789ರ ಆರಂಭದಲ್ಲಿ ಕಾಂಗ್ರೆಸ್ಸಿನ ಮೊದಲ ಚುನಾವಣೆಯಲ್ಲಿ ಮ್ಯಾಡಿಸನ್‌ಗೆ ಎದುರಾಳಿಯಾಗಿ ನಿಂತವರು ಸಂವಿಧಾನವನ್ನು ವಿರೋಧಿಸಿದ್ದ ಗೆಳೆಯ ಜೇಮ್ಸ್ ಮನ್ರೋ. ಮುಂದೆ ಇಬ್ಬರೂ ದೇಶದ ಅಧ್ಯಕ್ಷರಾದರು ಎಂಬುದು ಬೇರೆ ಮಾತು. ಮತದಾರರಿಗೆ ಮ್ಯಾಡಿಸನ್ ಮಾತು ಕೊಟ್ಟರು: ಆರಿಸಿ ಕಳಿಸಿದರೆ ಹಕ್ಕುಗಳನ್ನು ಸೇರಿಸಲು ದುಡಿಯುತ್ತೇನೆ. ಗೆದ್ದರು. ಜೂನ್ 8ರಂದು ಸದನದಲ್ಲಿ ಎದ್ದುನಿಂತು, ಬೇರೆ ಕೆಲಸದ ಗಡಿಬಿಡಿಯಲ್ಲಿದ್ದ ಸದಸ್ಯರ ಬೇಸರವನ್ನು ಲೆಕ್ಕಿಸದೆ ತಿದ್ದುಪಡಿಗಳನ್ನು ಮಂಡಿಸಿದರು.

ಕಾಂಗ್ರೆಸ್ 12 ತಿದ್ದುಪಡಿಗಳನ್ನು ರಾಜ್ಯಗಳಿಗೆ ಕಳಿಸಿತು. 1791ರ ಡಿಸೆಂಬರ್ 15ರ ಹೊತ್ತಿಗೆ ಹತ್ತು ಒಪ್ಪಿಗೆ ಪಡೆದವು. ‘ಬಿಲ್ ಆಫ್ ರೈಟ್ಸ್’ ಎಂದು ಇಂದು ಜಗತ್ತೇ ಕೊಂಡಾಡುವ ಹಕ್ಕುಗಳ ಪಟ್ಟಿ ಇದೇ. ಮಾತಿನ, ಧರ್ಮದ, ಪತ್ರಿಕೆಯ, ಸಭೆ ಸೇರುವ ಸ್ವಾತಂತ್ರ್ಯ. ಕಾರಣವಿಲ್ಲದೆ ಮನೆ ಶೋಧಿಸದಂತೆ ರಕ್ಷಣೆ. ಜ್ಯೂರಿಯೆದುರು ವಿಚಾರಣೆಯ ಹಕ್ಕು. ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಗಳದ್ದು ಅಥವಾ ಜನರದ್ದು ಎಂಬ ಮಾತು. ಅಮೆರಿಕದ ಸಂವಿಧಾನದಲ್ಲಿ ಸಾಮಾನ್ಯ ಪ್ರಜೆಗೆ ಅತ್ಯಂತ ಪ್ರಿಯವಾದ ಭಾಗ ಬಂದದ್ದು ಸಂವಿಧಾನವನ್ನು ವಿರೋಧಿಸಿದವರ ಪಟ್ಟಿನಿಂದ.

ಉಳಿದ ಎರಡರಲ್ಲಿ ಒಂದರ ಕಥೆ ವಿದ್ಯಾರ್ಥಿಗಳಿಗೆ ಇಷ್ಟವಾದೀತು. ಸದಸ್ಯರು ತಮ್ಮ ಸಂಬಳವನ್ನು ತಾವೇ ಬದಲಿಸಿಕೊಂಡರೆ ಅದು ಮುಂದಿನ ಚುನಾವಣೆಯ ನಂತರವೇ ಜಾರಿಯಾಗಬೇಕು ಎನ್ನುವ ತಿದ್ದುಪಡಿ ಅದು. ಸುಮಾರು ಇನ್ನೂರು ವರ್ಷ ಧೂಳು ಹಿಡಿದು ಬಿದ್ದಿತ್ತು. 1982ರಲ್ಲಿ ಟೆಕ್ಸಾಸ್‌ನ ಒಬ್ಬ ಕಾಲೇಜು ವಿದ್ಯಾರ್ಥಿ, ಇದನ್ನು ಈಗಲೂ ಅಂಗೀಕರಿಸಬಹುದು ಎಂದು ಪ್ರಬಂಧ ಬರೆದ. ಸಿಕ್ಕಿದ್ದು ‘ಸಿ’ ದರ್ಜೆ. ಹುಡುಗ ಬಿಡಲಿಲ್ಲ. ರಾಜ್ಯ ರಾಜ್ಯದ ಶಾಸಕರಿಗೆ ಪತ್ರ ಬರೆದು ಬೆನ್ನು ಹತ್ತಿದ. 1992ರಲ್ಲಿ ಅದು ಸಂವಿಧಾನದ 27ನೆಯ ತಿದ್ದುಪಡಿಯಾಯಿತು. 2017ರಲ್ಲಿ ವಿಶ್ವವಿದ್ಯಾಲಯ ಅವನ ದರ್ಜೆಯನ್ನು ‘ಎ’ ಎಂದು ಬದಲಿಸಿತು.

ಬೇಲಿಯ ಹೊರಗುಳಿದವರು

ಈ ಕಥೆಯ ಕಪ್ಪು ಪುಟವನ್ನೂ ಮಕ್ಕಳಿಗೆ ಹೇಳಲೇಬೇಕು. 1790ರ ಮೊದಲ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 39 ಲಕ್ಷ. ಅದರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು. ‘ನಾವು, ಜನರು’ ಎಂಬ ಮಾತಿನೊಳಗೆ ಅವರಿರಲಿಲ್ಲ. ಕೆಳಮನೆಯ ಸ್ಥಾನ ಹಂಚುವಾಗ ಮಾತ್ರ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿದರು. ಆ ಲೆಕ್ಕದ ಲಾಭ ಸಿಕ್ಕಿದ್ದು ಒಡೆಯರಿಗೆ. ಗುಲಾಮರ ಆಮದನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸಕೂಡದೆಂಬ ಕರಾರೂ ಸೇರಿತು. ಹಕ್ಕುಗಳಿಗಾಗಿ ಪಟ್ಟು ಹಿಡಿದ ಮೇಸನ್, ಹೆನ್ರಿ ಇಬ್ಬರೂ ಗುಲಾಮರ ಒಡೆಯರು, ಮ್ಯಾಡಿಸನ್ ಕೂಡ. ಮಹಿಳೆಯರಿಗೆ ಆ ಸಭೆಗಳಲ್ಲಿ ಜಾಗವಿರಲಿಲ್ಲ. ಮರ್ಸಿ ಓಟಿಸ್ ವಾರೆನ್ 1788ರಲ್ಲಿ ಸಂವಿಧಾನವನ್ನು ಟೀಕಿಸಿ ಬರೆದ ಕಿರುಹೊತ್ತಿಗೆಗೂ ಗುಪ್ತನಾಮವೇ ಗತಿಯಾಯಿತು. ನೆಲದ ಮೂಲನಿವಾಸಿಗಳನ್ನು ಯಾರೂ ಕೇಳಲೇ ಇಲ್ಲ.

ರಾಜಿಯಲ್ಲಿ ಮುಚ್ಚಿಟ್ಟ ಗಾಯ 1861ರಿಂದ 1865ರವರೆಗಿನ ಅಂತರ್ಯುದ್ಧವಾಗಿ ಕೀವು ಒಡೆಯಿತು. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಗುಲಾಮಗಿರಿ ರದ್ದಾದದ್ದು 1865ರಲ್ಲಿ. ದೇಶದಾದ್ಯಂತ ಮಹಿಳೆಯರ ಮತದಾನದ ಹಕ್ಕನ್ನು ಸಂವಿಧಾನ ಕಾಪಾಡಿದ್ದು 1920ರಲ್ಲಿ.

ನಮ್ಮ ಮನೆಯ ಮಾತು

ಸುಮಾರು 160 ವರ್ಷದ ನಂತರ ಇದೇ ಪ್ರಶ್ನೆ ದೆಹಲಿಯ ಸಂವಿಧಾನ ಸಭೆಯ ಮುಂದೆ ಬಂತು. 1946ರ ಡಿಸೆಂಬರ್‌ನಲ್ಲಿ ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯ, ಉಳಿಕೆ ಅಧಿಕಾರಗಳನ್ನು ಪ್ರಾಂತಗಳಿಗೆ ಬಿಡುವುದಾಗಿ ಹೇಳಿತ್ತು. ದೇಶ ವಿಭಜನೆಯಾಗುವುದು ಖಚಿತವಾದ ಮೇಲೆ ಸಭೆ ಬಲವಾದ ಕೇಂದ್ರದತ್ತ ವಾಲಿತು. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅಮೆರಿಕದ ಉದಾಹರಣೆಯನ್ನೇ ಎತ್ತಿದರು. ರಾಜ್ಯಗಳು ಒಕ್ಕೂಟ ಬಿಟ್ಟುಹೋಗಲಾರವು ಎಂದು ಸ್ಥಾಪಿಸಲು ಅಮೆರಿಕನ್ನರು ಅಂತರ್ಯುದ್ಧವನ್ನೇ ಮಾಡಬೇಕಾಯಿತು. ಅದನ್ನು ಊಹೆಗೆ ಬಿಡುವುದಕ್ಕಿಂತ ಮೊದಲೇ ಸ್ಪಷ್ಟಪಡಿಸುವುದು ಮೇಲೆಂದು ಕರಡು ಸಮಿತಿ ಭಾವಿಸಿತು ಎಂದರು.

ಅಮೆರಿಕದ ಹಕ್ಕುಗಳ ಪಟ್ಟಿಗೂ ನಮಗೂ ನಡುವೆ ಒಬ್ಬ ಮಂಗಳೂರಿನವರಿದ್ದಾರೆ. ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. 1947ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. 1791ರ ಐದನೆಯ ತಿದ್ದುಪಡಿಯಲ್ಲಿರುವ ‘ಡ್ಯೂ ಪ್ರಾಸೆಸ್’ ಎಂಬ ಮಾತು, ಜನ ಆರಿಸಿದ ಶಾಸನಸಭೆಯ ಕಾನೂನುಗಳನ್ನು ಹೊಡೆದುಹಾಕಲು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ನಮ್ಮ 21ನೆಯ ವಿಧಿಯಲ್ಲಿ ಆ ಮಾತಿನ ಬದಲು ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’ ಎಂದು ಬಂತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದು ಹೇಳಿ ಬಾಗಿಲನ್ನು ಮತ್ತೆ ತೆರೆಯಿತು.

ಕೇಂದ್ರ ಎಷ್ಟು ಬಲವಾಗಿರಬೇಕು ಎಂಬ ಪ್ರಶ್ನೆಗೆ ನಮ್ಮ ನ್ಯಾಯಾಲಯ ಕೊಟ್ಟ ಒಂದು ಮಹತ್ವದ ಉತ್ತರದ ಮೇಲೂ ಕನ್ನಡನಾಡಿನ ಹೆಸರಿದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದ್ದನ್ನು ಕುರಿತ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಪರೀಕ್ಷೆಯಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದಿತು. ಬಲವಾದ ಕೇಂದ್ರವನ್ನು ಬಯಸಿ ಪಡೆದ ದೇಶವೂ ಆ ಕೇಂದ್ರಕ್ಕೆ ಲಗಾಮು ಹುಡುಕಬೇಕಾಯಿತು.

ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದವರಿಗೆ ಬಹುಮಾನ ಕೊಟ್ಟು, ಸೋತವರ ಮಾತನ್ನು ಅಲ್ಲಿಗೇ ಮರೆಯುತ್ತೇವೆ. ಮಕ್ಕಳಿಗೆ ಈ ಇತಿಹಾಸ ಹೇಳುವಾಗ ಅಪ್ಪ ಅಮ್ಮಂದಿರು ಒಂದು ಕೆಲಸ ಮಾಡಬಹುದು. ಮೊದಲ ದಿನ ಸ್ಮಿತ್ ಪರ ವಾದಿಸಲು ಹೇಳಿ, ಮರುದಿನ ಅದೇ ಮಗುವಿಗೆ ಸಿಂಗಲ್‌ಟರಿ ಪರ ವಾದಿಸಲು ಹೇಳಿ. ಎರಡನ್ನೂ ಮನಸ್ಸಿಟ್ಟು ಮಾಡಿದ ಮಗುವಿಗೆ, ಸರ್ಕಾರ ಏಕೆ ಬೇಕು ಎಂಬುದೂ ಅದರ ಮೇಲೆ ಕಣ್ಣೇಕೆ ಇಟ್ಟಿರಬೇಕು ಎಂಬುದೂ ಒಟ್ಟಿಗೇ ತಿಳಿಯುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬರಲಿಕ್ಕಿಲ್ಲ. ಹದಿನೆಂಟು ತುಂಬಿ ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಂತಾಗ ಬರುತ್ತದೆ.